ಡಿಸ್ಕ್ ಹೇಗೆ ಸಾಯುತ್ತದೆ ಅಂತ ಮೊದಲು ಕೇಳಿ

(ಶಿವಮೊಗ್ಗದ ಗ್ರಂಥಾಲಯವೊಂದರಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರಹಕ್ಕೆ ಇಳಿಸಿದ್ದು.)

ಈ ಮೇಜಿನ ಮೇಲೆ ಇರುವುದು ಒಂದು ಸತ್ತ ಹಾರ್ಡ್ ಡಿಸ್ಕ್. ಮುಚ್ಚಳ ನಾನೇ ಬಿಚ್ಚಿದ್ದೇನೆ. ಒಳಗಿನ ತಟ್ಟೆ ಎಷ್ಟು ನುಣುಪಾಗಿದೆ ಅಂದರೆ ಮುಂದಿನ ಸಾಲಿನವರು ಇದರಲ್ಲೇ ನೋಡಿಕೊಂಡು ತಲೆ ಬಾಚಬಹುದು. ಈಗ ಬೆಳಕಿಗೆ ಸ್ವಲ್ಪ ಓರೆ ಹಿಡಿಯುತ್ತೇನೆ. ಅಂಚಿನ ಹತ್ತಿರ ಬಳೆಯ ಹಾಗೆ ಒಂದು ಮಂಕು ಗೆರೆ ಕಾಣುತ್ತಿದೆ, ಅಲ್ವಾ? ಆ ಗೆರೆಯಲ್ಲಿ ಒಬ್ಬ ಫೋಟೋಗ್ರಾಫರ್ ತೆಗೆದ ಎರಡು ವರ್ಷದ ಮದುವೆಗಳು ಹೋದವು. ಧಾರೆ, ಆರತಕ್ಷತೆ, ಹೆಣ್ಣೊಪ್ಪಿಸುವ ಶಾಸ್ತ್ರ, ಎಲ್ಲ.

ನಾನು ಕಂಪ್ಯೂಟರ್ ರಿಪೇರಿ ಮಾಡುವವನು. ಇಪ್ಪತ್ತು ವರ್ಷ ದಾಟಿತು. ಅಂಗಡಿಗೆ ಬರುವವರ ಪ್ರಶ್ನೆ ಮಾತ್ರ ಬದಲಾಗಿಲ್ಲ. ‘ಯಾವುದು ಒಳ್ಳೇದು ಸಾರ್?’ ಮೊದಲು ಸೀಡಿನೋ ಫ್ಲಾಪಿನೋ ಅನ್ನುತ್ತಿದ್ದರು, ಈಗ ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿನೋ ಅನ್ನುತ್ತಾರೆ. ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆ ಇಲ್ಲದೆ ಚಿಪ್ಪಿನಲ್ಲೇ ಕೂಡಿಡುವಂಥದ್ದು. ನಾನು ತಿರುಗಿ ಕೇಳುತ್ತೇನೆ: ಅದು ಸತ್ತ ದಿನ ನಿಮಗೆ ಏನಾಗುತ್ತದೆ? ಯಾಕೆಂದರೆ ಸಾಯದೆ ಇರುವಂಥದ್ದನ್ನು ಇನ್ನೂ ಯಾರೂ ಮಾಡಿಲ್ಲ. ಕೆಲವು ನರಳಿ ನರಳಿ ಸಾಯುತ್ತವೆ. ಕೆಲವು ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆ ಏಳುವುದಿಲ್ಲ. ಕೆಲವು ಸತ್ತ ಮೇಲೂ ಒಳಗಿದ್ದದ್ದನ್ನು ಬಿಟ್ಟುಕೊಡುತ್ತವೆ, ಕೆಲವು ತಾವು ಹೋಗುವಾಗ ಎಲ್ಲವನ್ನೂ ತಗೊಂಡೇ ಹೋಗುತ್ತವೆ. ಸ್ಪೀಡು, ರೇಟು, ಜಾಗ, ಇವೆಲ್ಲ ಡಬ್ಬದ ಮೇಲೆ ಬರೆದಿರುತ್ತದೆ. ಸಾಯುವ ರೀತಿಯನ್ನು ಡಬ್ಬದ ಮೇಲೆ ಬರೆಯುವುದಿಲ್ಲ. ಇವತ್ತು ನಾನು ಜಾಸ್ತಿ ಮಾತಾಡುವುದು ಅದನ್ನೇ.

ಈ ಡಿಸ್ಕಿನಿಂದಲೇ ಶುರು ಮಾಡೋಣ. ಕೆಲಸ ಮಾಡುವಾಗ ಈ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಸೆಕೆಂಡಿಗೆ 120 ಸುತ್ತು. ಲೆಕ್ಕ ಹಾಕಿದರೆ ಇದರ ಅಂಚು ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದರ ಮೇಲೆ ಈ ತೋಳಿದೆ ನೋಡಿ, ಇದರ ತುದಿಯಲ್ಲಿ ಎಳ್ಳಿನಷ್ಟು ಒಂದು ಕರಿ ಚುಕ್ಕೆ. ಅದೇ ಹೆಡ್. ಓದುವುದು, ಬರೆಯುವುದು ಎರಡೂ ಅದರದ್ದೇ. ಅದು ತಟ್ಟೆಯನ್ನು ಮುಟ್ಟುವುದಿಲ್ಲ. ತಿರುಗುವ ತಟ್ಟೆ ಎಬ್ಬಿಸಿದ ಗಾಳಿಯ ಮೇಲೆ ತೇಲುತ್ತದೆ. ಎಷ್ಟು ಎತ್ತರದಲ್ಲಿ? ಕೆಲವೇ ನ್ಯಾನೋಮೀಟರ್. ನಿಮ್ಮ ತಲೆಕೂದಲು ಸುಮಾರು 80 ಸಾವಿರ ನ್ಯಾನೋಮೀಟರ್ ದಪ್ಪ ಇರುತ್ತದೆ. ಬೀಡಿ ಹೊಗೆಯ ಒಂದು ಕಣವೂ ಆ ಸಂದಿಗೆ ದಪ್ಪವಾಯಿತು. ಹಾಗಾಗಿ ಮುಚ್ಚಳ ತೆಗೆದ ಡಿಸ್ಕಿನ ಕಥೆ ಅಲ್ಲಿಗೇ ಮುಗಿಯಿತು. ಮನೆಯಲ್ಲಿ ಬಿಚ್ಚಿ ನೋಡುವ ಆಸೆ ಇದ್ದರೆ ಸತ್ತದ್ದನ್ನು ಬಿಚ್ಚಿ.

ಆ ಫೋಟೋಗ್ರಾಫರ್ ಮಾಡಿದ ತಪ್ಪು ದೊಡ್ಡದೇನಲ್ಲ. ಎಡಿಟಿಂಗ್ ನಡೆಯುತ್ತಿದ್ದಾಗ ವೈರು ಕಾಲಿಗೆ ಸಿಕ್ಕಿತು, ಡಿಸ್ಕ್ ಮೇಜಿನಿಂದ ಬಿತ್ತು. ಆಫ್ ಆಗಿದ್ದರೆ ಬಹುಶಃ ಉಳಿಯುತ್ತಿತ್ತು, ಆಗ ಹೆಡ್ ಪಕ್ಕಕ್ಕೆ ಹೋಗಿ ನಿಂತಿರುತ್ತದೆ. ಓಡುತ್ತಿದ್ದಾಗ ಬಿತ್ತು. ಆಮೇಲೆ ಟಿಕ್, ಟಿಕ್, ಟಿಕ್ ಅಂತ ಸದ್ದು. ಆ ಸದ್ದು ಏನು ಗೊತ್ತಾ? ತಟ್ಟೆಯ ಮೇಲೆ ದಾರಿ ತೋರಿಸುವ ಗುರುತುಗಳಿರುತ್ತವೆ. ಏಟು ತಿಂದ ಹೆಡ್ಡಿಗೆ ಅವು ಕಾಣುವುದಿಲ್ಲ. ಹುಡುಕಿ ಸಿಗದೆ ತೋಳು ವಾಪಸ್ ಬಂದು ಬಡಿಯುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಬಡಿಯುತ್ತದೆ. ಪ್ರತಿ ಸಲವೂ ಮುರಿದ ಹೆಡ್ ತಟ್ಟೆಯನ್ನು ಗೀಚುತ್ತಿರುತ್ತದೆ. ಇವರು ‘ಈಗ ಬರಬಹುದು, ಈಗ ಬರಬಹುದು’ ಅಂತ ಇಡೀ ರಾತ್ರಿ ಪ್ಲಗ್ ಹಾಕಿ ತೆಗೆದು ಮಾಡಿದ್ದಾರೆ. ಯೂಟ್ಯೂಬ್ ನೋಡಿ ಫ್ರೀಜರಿನಲ್ಲೂ ಇಟ್ಟಿದ್ದಾರೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಫ್ರೀಜರಿನಿಂದ ಹೊರಗೆ ತೆಗೆದ ಯಾವುದೇ ವಸ್ತು ಎರಡು ನಿಮಿಷಕ್ಕೆ ಬೆವರುತ್ತದೆ. ಡಿಸ್ಕೂ ಅಷ್ಟೇ. ಮೊದಲ ಟಿಕ್ ಕೇಳಿದಾಗಲೇ ವೈರು ಕಿತ್ತಿದ್ದರೆ, ಧೂಳಿಲ್ಲದ ಕೋಣೆ ಇರುವ ರಿಕವರಿ ಲ್ಯಾಬಿನಲ್ಲಿ ಹೆಡ್ ಬದಲಾಯಿಸಿ ಬಹುಪಾಲು ತೆಗೆಯಬಹುದಿತ್ತು. ದುಡ್ಡು ಸಾವಿರಗಟ್ಟಲೆ ಆಗುತ್ತಿತ್ತು, ಆದರೆ ಸಿಗುತ್ತಿತ್ತು.

ಇನ್ನೊಂದು ಮಾತು. ‘ಅದೇ ಮಾಡೆಲ್ಲಿನ ಬೇರೆ ಡಿಸ್ಕ್ ಇದೆ, ಅದರ ಹಸಿರು ಬೋರ್ಡ್ ಇದಕ್ಕೆ ಹಾಕಿ’ ಅನ್ನುತ್ತಾರೆ. ಹಿಂದೆ ನಡೆಯುತ್ತಿತ್ತು, ನಾನೂ ಮಾಡಿದ್ದೇನೆ. ಈಗ ಆ ಬೋರ್ಡಿನ ಚಿಪ್ಪಿನಲ್ಲಿ ಆ ಒಂದು ಡಿಸ್ಕಿಗೆ ಮಾತ್ರ ಹೊಂದುವ ಅಳತೆಗಳಿರುತ್ತವೆ. ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡ ಹಾಗಾಗುತ್ತದೆ. ಆ ಚಿಪ್ಪನ್ನೂ ಕಿತ್ತು ಬದಲಾಯಿಸಬೇಕು.

ಇಷ್ಟೆಲ್ಲ ಹೇಳಿದರೂ ಹಾರ್ಡ್ ಡಿಸ್ಕ್ ಬಗ್ಗೆ ನನಗೆ ಒಂದು ಪ್ರೀತಿ ಇದೆ. ಅದು ಸಾಮಾನ್ಯವಾಗಿ ಹೇಳಿ ಸಾಯುತ್ತದೆ. ಸದ್ದು ಬದಲಾಗುತ್ತದೆ, ಫೈಲು ಕಾಪಿ ಮಾಡುವಾಗ ಒಂದೇ ಕಡೆ ನಿಂತುಬಿಡುತ್ತದೆ. ಕೆಟ್ಟ ಜಾಗಗಳು ಎಷ್ಟಾದವು ಅಂತ ಅದು ತಾನೇ ಲೆಕ್ಕ ಇಟ್ಟಿರುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಒಂದು ಪುಕ್ಕಟೆ ತಂತ್ರಾಂಶ ಇದೆ. ಹಾಕಿ ನೋಡಿ. ನೀಲಿ ಬಂದರೆ ಸದ್ಯಕ್ಕೆ ಚಿಂತೆ ಇಲ್ಲ. ಹಳದಿ ಬಂದರೆ ಆ ದಿನವೇ ಕಾಪಿ ತೆಗೆಯಿರಿ, ನಾಳೆ ಅನ್ನಬೇಡಿ. ಎಲ್ಲ ಡಿಸ್ಕೂ ಹೀಗೆ ಎಚ್ಚರಿಕೆ ಕೊಟ್ಟೇ ಹೋಗುತ್ತದೆ ಅಂತಲ್ಲ, ಆದರೆ ಜಾಸ್ತಿ ಕೊಡುವುದು ಇದೇ.

ದೊಡ್ಡ ಡಿಸ್ಕ್ ತಗೊಳ್ಳುವವರಿಗೆ ಒಂದು ಸೂಕ್ಷ್ಮ. ಕೆಲವು ಡಿಸ್ಕುಗಳಲ್ಲಿ ಬರೆಯುವ ಸಾಲುಗಳನ್ನು ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಜೋಡಿಸಿರುತ್ತಾರೆ. ಎಸ್‌ಎಂಆರ್ ಅಂತ ಅದರ ಹೆಸರು. ನಿಮಗೆ ವಿವರಿಸುವುದೇ ಬೇಡ, ಮಂಗಳೂರು ಹೆಂಚಿನ ಮಾಡು ನೋಡಿದ್ದೀರಿ. ಹೊಸದಾಗಿ ಹೊದಿಸುವಾಗ ಸರಸರ ಹೋಗುತ್ತದೆ. ನಡುವಿನ ಒಂದು ಹೆಂಚು ಬದಲಾಯಿಸಬೇಕಾದರೆ ಅಕ್ಕಪಕ್ಕದ್ದನ್ನೂ ಎತ್ತಬೇಕು. ಈ ಡಿಸ್ಕೂ ಹಾಗೇ. ಒಂದು ಸಲ ತುಂಬಿ ಇಡುವುದಕ್ಕೆ ಅಡ್ಡಿಯಿಲ್ಲ, ಅಗ್ಗವೂ ಹೌದು. ಅದರ ಮೇಲೇ ದಿನಾ ವಿಡಿಯೋ ಎಡಿಟ್ ಮಾಡಲು ಹೋದರೆ ಅದು ಹೆಂಚು ಎತ್ತುತ್ತಾ ಕೂರುತ್ತದೆ, ನೀವು ಕಾಯುತ್ತಾ ಕೂರುತ್ತೀರಿ. 2020ರಲ್ಲಿ ಕಂಪನಿಗಳು ಇದನ್ನು ಹೇಳದೇ ಮಾರಿದ್ದು ದೊಡ್ಡ ಗಲಾಟೆಯೇ ಆಯಿತು. ಈಗ ವಿವರದ ಪಟ್ಟಿಯಲ್ಲಿ ಬರೆದಿರುತ್ತಾರೆ, ಕಣ್ಣು ಸಣ್ಣ ಮಾಡಿ ಹುಡುಕಬೇಕು.

ಈಗ ಎಸ್‌ಎಸ್‌ಡಿ. ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿದವರು ಇಲ್ಲಿ ಎಷ್ಟು ಜನ? ಕೈ ಎತ್ತಿ. ಹೊಸ ಲ್ಯಾಪ್‌ಟಾಪ್ ಬಂದ ಹಾಗಾಯಿತು, ಅಲ್ವಾ? ಯಾಕೆ ಹಾಗಾಗುತ್ತದೆ ಅಂದರೆ, ಈ ಗ್ರಂಥಾಲಯದ ಅಟೆಂಡರನ್ನೇ ತಗೊಳ್ಳಿ. ನೀವು ಒಂದು ಚೀಟಿ ಕೊಡುತ್ತೀರಿ. ಅವರು ಎದ್ದು, ಕಪಾಟಿನ ಹತ್ತಿರ ಹೋಗಿ, ಪುಸ್ತಕ ತಂದು ಕೊಡುತ್ತಾರೆ. ಒಂದೇ ಪುಸ್ತಕದ ಸಾವಿರ ಪುಟ ಬೇಕಾದರೆ ತೊಂದರೆ ಇಲ್ಲ, ಒಂದೇ ಓಡಾಟ. ಸಾವಿರ ಪುಸ್ತಕದಿಂದ ಒಂದೊಂದು ಪುಟ ಬೇಕು ಅಂದರೆ? ಕಂಪ್ಯೂಟರ್ ಶುರುವಾಗುವಾಗ ಕೇಳುವುದು ಹೀಗೇ, ಸಾವಿರಾರು ಸಣ್ಣ ಸಣ್ಣ ಚೂರು, ಬೇರೆ ಬೇರೆ ಜಾಗದಿಂದ. ಹಾರ್ಡ್ ಡಿಸ್ಕಿನ ತೋಳು ಒಂದೊಂದಕ್ಕೂ ಎದ್ದು ಹೋಗಬೇಕು. ಒಂದು ಓಡಾಟಕ್ಕೆ ಸುಮಾರು 10 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ ನೂರರ ಆಸುಪಾಸು. ಎಸ್‌ಎಸ್‌ಡಿಯಲ್ಲಿ ಓಡಾಡುವವರೇ ಇಲ್ಲ. ಸೆಕೆಂಡಿಗೆ ಹತ್ತಾರು ಸಾವಿರ ಚೂರು ಕೊಡುತ್ತದೆ. ನಿಮಗೆ ಹೊಸ ಲ್ಯಾಪ್‌ಟಾಪ್ ಅನ್ನಿಸಿದ್ದು ಇದರಿಂದ.

ಅಂಗಡಿಯವರು ಹೇಳುವ 550, 3500, 7000 ಎಂಬಿ ಲೆಕ್ಕ ಬೇರೆ. ಸಾಟಾ ಅನ್ನುವ ಹಳೇ ಸಂಪರ್ಕದಲ್ಲಿ ಸೆಕೆಂಡಿಗೆ 550 ಎಂಬಿ ಆಸುಪಾಸಿಗೆ ನಿಲ್ಲುತ್ತದೆ. ಎನ್‌ವಿಎಂಇ ಅನ್ನುವ ಹೊಸ ಸಂಪರ್ಕ ಆದರೆ 3500, ಅದರ ಮುಂದಿನ ತಲೆಮಾರಿನಲ್ಲಿ 7000. ಸಾಟಾ, ಎನ್‌ವಿಎಂಇ ಎರಡೂ ಚ್ಯೂಯಿಂಗ್ ಗಮ್ ಪಟ್ಟಿಯ ಹಾಗೆ ಒಂದೇ ಆಕಾರದಲ್ಲಿ ಬರಬಹುದು, ಆಕಾರ ನೋಡಿ ಮೋಸ ಹೋಗಬೇಡಿ. ನಾಲ್ಕು ಪತ್ರ ಟೈಪ್ ಮಾಡಿ, ಬ್ರೌಸರ್ ತೆಗೆಯುವವರಿಗೆ ಈ ಎರಡರ ವ್ಯತ್ಯಾಸ ಗೊತ್ತೇ ಆಗುವುದಿಲ್ಲ ಅಂತ ನನ್ನ ಅನುಭವ. ಆ ದುಡ್ಡು ಉಳಿಸಿ.

ಒಳಗೆ ಏನಿದೆ? ಫ್ಲ್ಯಾಶ್ ಮೆಮೊರಿ. ಜಪಾನಿನ ತೋಷಿಬಾದಲ್ಲಿದ್ದ ಫುಜಿಯೋ ಮಸುವೋಕಾ 1980ರ ದಶಕದಲ್ಲಿ ಕಂಡುಹಿಡಿದದ್ದು. ಒಂದೇ ಏಟಿಗೆ ಅಳಿಸಿ ಹೋಗುವುದನ್ನು ನೋಡಿ ಅವರ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಫ್ಲ್ಯಾಶ್ ನೆನಪಾಯಿತಂತೆ, ಹಾಗೆ ಆ ಹೆಸರು. ಈ ಚಿಪ್ಪಿನಲ್ಲಿ ಕೋಟಿ ಕೋಟಿ ಸಣ್ಣ ಲೋಟಗಳಿವೆ ಅಂದುಕೊಳ್ಳಿ. ನೀರಿನ ಬದಲು ವಿದ್ಯುತ್ತಿನ ಕಣಗಳನ್ನು ತುಂಬುತ್ತಾರೆ. ಮೊದಮೊದಲು ಲೋಟ ತುಂಬಿದೆಯೋ ಖಾಲಿಯೋ ಅಂತ ಅಷ್ಟೇ ನೋಡುತ್ತಿದ್ದರು. ಒಂದು ಲೋಟಕ್ಕೆ ಒಂದು ಬಿಟ್. ಅದು ಎಸ್‌ಎಲ್‌ಸಿ. ಆಮೇಲೆ ಕಂಪನಿಗಳಿಗೆ ಆಸೆ ಆಯಿತು. ಅದೇ ಲೋಟಕ್ಕೆ ಎಂಟು ಮಟ್ಟದ ಗುರುತು ಹಾಕಿದರೆ ಮೂರು ಬಿಟ್ ಹಿಡಿಯುತ್ತದೆ, ಅದು ಟಿಎಲ್‌ಸಿ. ಹದಿನಾರು ಗುರುತು ಹಾಕಿದರೆ ನಾಲ್ಕು ಬಿಟ್, ಕ್ಯೂಎಲ್‌ಸಿ. ಈಗ ಲೋಟ ಸ್ವಲ್ಪವೇ ಸೋರಿತು ಅನ್ನಿ. ತುಂಬಿದೆಯೋ ಖಾಲಿಯೋ ಅಂತ ನೋಡುವವರಿಗೆ ಏನೂ ಆಗುವುದಿಲ್ಲ. ಹದಿನಾರು ಗುರುತಿನವರಿಗೆ ಹನ್ನೆರಡು ಹೋಗಿ ಹನ್ನೊಂದಾಗುತ್ತದೆ. ಅಗ್ಗದ ದೊಡ್ಡ ಎಸ್‌ಎಸ್‌ಡಿ ಯಾಕೆ ಅಗ್ಗ ಅನ್ನುವುದಕ್ಕೆ ಅರ್ಧ ಉತ್ತರ ಇದು.

ಪ್ರತಿ ಸಲ ತುಂಬಿ ಚೆಲ್ಲಿದಾಗ ಲೋಟ ಸವೆಯುತ್ತದೆ. ಇದನ್ನು ಕೇಳಿ ಜನ ಹೆದರುತ್ತಾರೆ. ಹೆದರುವಷ್ಟೇನಿಲ್ಲ. ಒಳ್ಳೆಯ 500 ಜಿಬಿ ಟಿಎಲ್‌ಸಿ ಎಸ್‌ಎಸ್‌ಡಿಗೆ ಕಂಪನಿಗಳು ಸಾಮಾನ್ಯವಾಗಿ 300 ಟಿಬಿ ಬರೆಯುವ ತನಕ ಗ್ಯಾರಂಟಿ ಕೊಡುತ್ತವೆ. ದಿನಕ್ಕೆ 30 ಜಿಬಿ ಬರೆದರೂ ಹತ್ತು ಸಾವಿರ ದಿನ. 27 ವರ್ಷ. ಅಷ್ಟರಲ್ಲಿ ಲ್ಯಾಪ್‌ಟಾಪೇ ಇರುವುದಿಲ್ಲ.

ನನ್ನ ಅಂಗಡಿಗೆ ಬರುವ ಎಸ್‌ಎಸ್‌ಡಿಗಳು ಸವೆದು ಸತ್ತವಲ್ಲ. ಸುಮ್ನೆ ಸತ್ತವು. ಒಳಗೆ ಲೆಕ್ಕ ನೋಡಿಕೊಳ್ಳುವ ಒಂದು ಚಿಪ್ ಇರುತ್ತದೆ, ಕಂಟ್ರೋಲರ್. ಯಾವ ಫೈಲಿನ ಚೂರು ಯಾವ ಲೋಟದಲ್ಲಿದೆ ಅಂತ ಗೊತ್ತಿರುವುದು ಅದಕ್ಕೊಂದಕ್ಕೇ. ಕರೆಂಟು ಹೋಗಿ ಬಂದಾಗಲೋ, ಸುಮ್ನೆ ಒಂದು ದಿನವೋ ಅದು ಕೆಟ್ಟಿತು ಅಂದರೆ ಮುಗಿಯಿತು. ಟಿಕ್ ಟಿಕ್ ಇಲ್ಲ, ನಿಧಾನ ಆಗುವುದಿಲ್ಲ. ಕಂಪ್ಯೂಟರ್ ಆನ್ ಮಾಡಿದರೆ ಡಿಸ್ಕೇ ಇಲ್ಲ ಅನ್ನುತ್ತದೆ. ಲೋಟಗಳೆಲ್ಲ ತುಂಬಿಯೇ ಇವೆ, ಆದರೆ ಶಾನುಭೋಗರು ಲೆಕ್ಕದ ಪುಸ್ತಕ ಸಮೇತ ಕಾಣೆ.

ಇನ್ನೊಂದು ವಿಷಯ ಗೊತ್ತಿರಲಿ. ಹಾರ್ಡ್ ಡಿಸ್ಕಿನಲ್ಲಿ ಫೈಲು ಡಿಲೀಟ್ ಮಾಡಿದರೆ ಅಳಿಯುವುದು ಪರಿವಿಡಿ ಮಾತ್ರ. ಅದರ ಮೇಲೆ ಬೇರೇನೂ ಬರೆಯದಿದ್ದರೆ ವಾರ ಬಿಟ್ಟು ಬಂದರೂ ತೆಗೆದುಕೊಟ್ಟಿದ್ದೇನೆ. ಎಸ್‌ಎಸ್‌ಡಿಯ ಕಥೆ ಹಾಗಲ್ಲ. ಅಲ್ಲಿ ಒಂದು ಅಕ್ಷರ ತಿದ್ದಲು ಇಡೀ ಸ್ಲೇಟು ಒರೆಸಬೇಕು, ಹಾಗಿದೆ ಅದರ ರಚನೆ. ಹಾಗಾಗಿ ಬೇಡವಾದ ಜಾಗವನ್ನು ಅದು ಬಿಡುವು ಸಿಕ್ಕಾಗಲೆಲ್ಲ ಒರೆಸಿ ಸಿದ್ಧ ಮಾಡಿ ಇಟ್ಟುಕೊಳ್ಳುತ್ತದೆ. ‘ಈ ಜಾಗ ಬೇಡ’ ಅಂತ ಕಂಪ್ಯೂಟರೇ ಅದಕ್ಕೆ ಹೇಳಿಬಿಡುತ್ತದೆ, ಆ ಆಜ್ಞೆಗೆ ಟ್ರಿಮ್ ಅಂತ ಹೆಸರು. ಒಬ್ಬ ಹುಡುಗಿ ಪಿಎಚ್‌ಡಿ ಅಧ್ಯಾಯಗಳ ಫೋಲ್ಡರನ್ನು ಶಿಫ್ಟ್ ಡಿಲೀಟ್ ಒತ್ತಿ ಕಳೆದುಕೊಂಡು ಮರುದಿನವೇ ಓಡಿ ಬಂದಳು. ಜಾಗವೆಲ್ಲ ಓದಿ ನೋಡಿದೆ. ಸೊನ್ನೆ, ಸೊನ್ನೆ, ಸೊನ್ನೆ. ಗೈಡಿಗೆ ಇಮೇಲ್ ಮಾಡಿದ್ದ ಹಳೇ ಕರಡು ಒಂದು ಸಿಕ್ಕಿತು, ಅದರಿಂದ ಮತ್ತೆ ಬರೆದಳು.

ಎಸ್‌ಎಸ್‌ಡಿಯಲ್ಲಿ ತುಂಬಿಸಿ ಬೀರುವಿನಲ್ಲಿ ಇಡಬಹುದಾ ಅಂತ ಕೇಳುತ್ತಾರೆ. ಲೋಟ ಸೋರುತ್ತದೆ ಅಂದೆನಲ್ಲ. ಮನೆ ಬಳಕೆಯ ಎಸ್‌ಎಸ್‌ಡಿ ಪೂರ್ತಿ ಸವೆದ ಮೇಲೂ, ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಟ್ಟುಕೊಳ್ಳಬೇಕು ಅಂತ ಉದ್ಯಮದ ಮಾನದಂಡ ಇದೆ. ಹೊಸದಾಗಿದ್ದರೆ ಅದಕ್ಕಿಂತ ಎಷ್ಟೋ ಹೆಚ್ಚು ಬಾಳುತ್ತದೆ. ಆದರೂ ಹತ್ತು ವರ್ಷ ಮುಟ್ಟದೆ ಇಡುವ ವಸ್ತು ಅದಲ್ಲ. ಬಿಸಿ ಜಾಸ್ತಿಯಾದರೆ ಸೋರುವುದೂ ಜಾಸ್ತಿ.

ಪೆನ್ ಡ್ರೈವು, ಮೆಮೊರಿ ಕಾರ್ಡು ಇದೇ ಜಾತಿಯವು, ಆದರೆ ಬಡ ಸಂಬಂಧಿಗಳು. ಚಿಪ್ಪು ಕಡಿಮೆ ದರ್ಜೆಯದು, ಶಾನುಭೋಗರೂ ಅಷ್ಟಕ್ಕಷ್ಟೇ. ಫೈಲು ಸಾಗಿಸಲು ಇಟ್ಟುಕೊಳ್ಳಿ, ಕೂಡಿಡಲು ಬೇಡ. ಬಸ್ಸಿನಲ್ಲಿ ಊರಿಂದ ಊರಿಗೆ ಹೋಗುತ್ತೇವೆ, ಬಸ್ಸಿನಲ್ಲೇ ಸಂಸಾರ ಮಾಡುತ್ತೇವಾ?

ಇದನ್ನು ನೋಡಿ, ‘2 ಟಿಬಿ’ ಅಂತ ಮೇಲೆ ಬರೆದಿದೆ. ಒಬ್ಬರು ಮೇಷ್ಟ್ರು ಆರುನೂರು ರೂಪಾಯಿಗೆ ತಗೊಂಡದ್ದು. ಕಂಪ್ಯೂಟರಿಗೆ ಚುಚ್ಚಿದರೆ ನಿಜವಾಗಿಯೂ 2 ಟಿಬಿ ಅಂತ ತೋರಿಸುತ್ತದೆ. ಒಳಗಿರುವ ಚಿಪ್ಪು 32 ಜಿಬಿಯದ್ದು. ಕಂಟ್ರೋಲರಿಗೆ ಸುಳ್ಳು ಹೇಳಲು ಕಲಿಸಿದ್ದಾರೆ. ನೀವು ಫೈಲು ಹಾಕುತ್ತಾ ಹೋಗಿ, ಹಾಕಿಸಿಕೊಳ್ಳುತ್ತದೆ. ಹೆಸರು ಕಾಣುತ್ತದೆ, ಸೈಜು ಕಾಣುತ್ತದೆ. 32 ಜಿಬಿ ದಾಟಿದ ಮೇಲೆ ಹಾಕಿದ್ದೆಲ್ಲ ಗಾಳಿಗೆ ಹೋಯಿತು, ಇಲ್ಲ ಹಳೆಯದರ ಮೇಲೇ ಬರೆಯಿತು. ಮೇಷ್ಟ್ರು ಶಾಲೆಯ ಹತ್ತು ವರ್ಷದ ವಾರ್ಷಿಕೋತ್ಸವದ ವಿಡಿಯೋ ಇದಕ್ಕೆ ಹಾಕಿ, ಕಂಪ್ಯೂಟರಿನಿಂದ ಅಳಿಸಿಬಿಟ್ಟಿದ್ದರು. ತೆಗೆದು ನೋಡಿದ್ದು ಎಂಟು ತಿಂಗಳ ನಂತರ. ಹೊಸದು ತಗೊಂಡಾಗ ಒಮ್ಮೆ ಪೂರ್ತಿ ತುಂಬಿಸಿ, ವಾಪಸ್ ಓದಿ ನೋಡಬೇಕು. ಎಚ್‌2ಟೆಸ್ಟ್‌ಡಬ್ಲ್ಯೂ, ಎಫ್3 ಅಂತ ಇದಕ್ಕೇ ಪುಕ್ಕಟೆ ತಂತ್ರಾಂಶಗಳಿವೆ. ಒಂದು ರಾತ್ರಿ ಓಡಲು ಬಿಡಿ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ: ‘ನಾನು ಒಳ್ಳೇ ಕಂಪನಿಯ 1 ಟಿಬಿ ತಗೊಂಡೆ, 931 ಜಿಬಿ ಅಂತ ತೋರಿಸ್ತಿದೆ, ಅದೂ ಮೋಸನಾ?’ ಅಲ್ಲ. ಕಂಪನಿಯವರು ಸಾವಿರದ ಲೆಕ್ಕ ಹಾಕುತ್ತಾರೆ, ವಿಂಡೋಸ್ 1024ರ ಲೆಕ್ಕ ಹಾಕುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ಊರಿನ ಸೇರಿಗೂ ಪಕ್ಕದೂರಿನ ಸೇರಿಗೂ ವ್ಯತ್ಯಾಸ ಇರುತ್ತಿತ್ತಲ್ಲ, ಹಾಗೆ. ಅಕ್ಕಿ ಅಷ್ಟೇ ಇದೆ.

ಲೆಕ್ಕದ ಮಾತು ಬಂತು, ಸುಮ್ನೆ ಒಂದು ತಮಾಷೆ ಹೇಳುತ್ತೇನೆ. ಮೊದಲ ಹಾರ್ಡ್ ಡಿಸ್ಕ್ ಬಂದದ್ದು 1956ರಲ್ಲಿ, ಐಬಿಎಂನ ರಾಮ್ಯಾಕ್ ಯಂತ್ರದಲ್ಲಿ. 24 ಇಂಚು ಅಗಲದ ಐವತ್ತು ತಟ್ಟೆ, ತೂಕ ಒಂದು ಟನ್ನಿನ ಆಸುಪಾಸು. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಅದೂ ಇಂಗ್ಲಿಷ್ ಅಕ್ಷರ. ನಿಮ್ಮ ಫೋನಿನ ಒಂದು ಫೋಟೋ ಅದರಲ್ಲಿ ಹಿಡಿಸಿದರೆ ಹೆಚ್ಚು. ಕನ್ನಡ ಇನ್ನೂ ಸ್ವಲ್ಪ ಜಾಗ ಕೇಳುತ್ತದೆ. ಯೂನಿಕೋಡಿನಲ್ಲಿ ‘ಕನ್ನಡ’ ಅಂತ ಬರೆದರೆ ಕ, ನ, ಒತ್ತಿಗೆ ಒಂದು ಗುರುತು, ಮತ್ತೆ ನ, ಡ. ಐದು ಸಂಕೇತ, ಒಂದೊಂದಕ್ಕೆ ಮೂರು ಬೈಟ್, ಒಟ್ಟು ಹದಿನೈದು. ಆದರೂ ಮುನ್ನೂರು ಪುಟದ ಕಾದಂಬರಿ ಎರಡು ಎಂಬಿ ಆಸುಪಾಸಿನಲ್ಲಿ ಮುಗಿಯುತ್ತದೆ. ಜಾಗ ತಿನ್ನುವುದು ನಮ್ಮ ಬರವಣಿಗೆ ಅಲ್ಲ, ವಾಟ್ಸ್‌ಆ್ಯಪ್ಪಿನ ಗುಡ್ ಮಾರ್ನಿಂಗ್ ವಿಡಿಯೋಗಳು.

ಸೀಡಿ, ಡಿವಿಡಿ ಬಗ್ಗೆ ಹೇಳಲೋ ಬೇಡವೋ ಅಂದುಕೊಂಡಿದ್ದೆ. ಆದರೆ ಇಲ್ಲಿರುವ ಬಹಳ ಜನರ ಮದುವೆ ಇನ್ನೂ ಡಿವಿಡಿಯಲ್ಲೇ ಇದೆ. ಅಂಗಡಿಯಿಂದ ತಂದ ಸಿನಿಮಾ ಡಿವಿಡಿಯನ್ನು ಅಚ್ಚು ಒತ್ತಿ ಮಾಡಿರುತ್ತಾರೆ. ಸ್ಟುಡಿಯೋದವರು ಬರೆದುಕೊಟ್ಟದ್ದರಲ್ಲಿ ಒಂದು ಬಣ್ಣದ ಪದರ ಇರುತ್ತದೆ, ಲೇಸರ್ ಅದನ್ನು ಸುಟ್ಟು ಗುರುತು ಮಾಡುತ್ತದೆ. ಆ ಬಣ್ಣ ಬಿಸಿಲಿಗೆ, ತೇವಕ್ಕೆ ಮಾಸುತ್ತದೆ. ನಮ್ಮಲ್ಲಿ ಬೂಷ್ಟು ಬೇರೆ. ಇನ್ನೊಂದು ವಿಚಿತ್ರ ನೋಡಿ. ಎಲ್ಲರೂ ಹೊಳೆಯುವ ಬದಿಯನ್ನು ಜೋಪಾನ ಮಾಡುತ್ತಾರೆ. ಸೀಡಿಯಲ್ಲಿ ಡೇಟಾ ಇರುವುದು ಹೆಸರು ಬರೆಯುವ ಬದಿಗೆ ಅಂಟಿಕೊಂಡು. ಹೊಳೆಯುವ ಕಡೆ ದಪ್ಪ ಪ್ಲಾಸ್ಟಿಕ್ಕಿನ ರಕ್ಷಣೆ ಇದೆ, ಈ ಕಡೆ ಇರುವುದು ತೆಳು ಲೇಪನ. ಬಾಲ್ ಪೆನ್ನಿನಲ್ಲಿ ಒತ್ತಿ ‘ಶುಭವಿವಾಹ’ ಅಂತ ಬರೆದರೆ ವಿವಾಹದ ಮೇಲೇ ಗೀಚಿದ ಹಾಗೆ. ಡಿವಿಡಿಯಲ್ಲಿ ಆ ಪದರ ನಡುವಿನಲ್ಲಿರುತ್ತದೆ, ಹಾಗಾಗಿ ಸ್ವಲ್ಪ ವಾಸಿ. ಮನೆಯಲ್ಲಿ ಇರುವುದನ್ನು ಈ ತಿಂಗಳೇ ಕಾಪಿ ತೆಗೆಯಿರಿ. ಡಿವಿಡಿ ಡ್ರೈವ್ ಇರುವ ಲ್ಯಾಪ್‌ಟಾಪ್ ಈಗ ಹುಡುಕಿದರೂ ಸಿಗುವುದಿಲ್ಲ.

ಒಂದು ಸಲ ಬರೆದರೆ ತಿದ್ದಲಾಗದು ಅನ್ನುವುದು ಇಂಥ ಡಿವಿಡಿಯ ಗುಣ. ನಮ್ಮ ಜಿಲ್ಲೆಯಲ್ಲೇ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಕದಂಬರ ಕಂಬದ ಶಾಸನ ಇದೆಯಲ್ಲ, ಅದೂ ಅದೇ ಜಾತಿ. ಸುಮಾರು ಸಾವಿರದ ಐನೂರು ವರ್ಷದಿಂದ ಓದಬಹುದು. ಕಲ್ಲಿನ ಹಾಗೆ ಬಾಳುವ ಡಿಸ್ಕ್ ಅಂತ ಒಂದು ಬಗೆಯ ಡಿವಿಡಿ ಬಂದಿದೆ, ಸಾವಿರ ವರ್ಷ ಅನ್ನುತ್ತಾರೆ. ದೂರು ಕೊಡಲು ನಾವ್ಯಾರೂ ಇರುವುದಿಲ್ಲ ಅನ್ನುವ ಧೈರ್ಯ ಇರಬಹುದು.

ಅಳಿಸಿ ಬರೆಯುವ ವಸ್ತುವೂ ನಮ್ಮಲ್ಲಿ ಇತ್ತು. ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಹಾಕಿ, ಬಳಪದಲ್ಲಿ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದು. ಇವತ್ತು ಕಂಪ್ಯೂಟರ್ ಫೈಲಿಗೆ ನಾವು ಕಡತ ಅನ್ನುತ್ತೇವಲ್ಲ, ಆ ಹೆಸರು ಸರಿಯಾಗಿಯೇ ಬಿದ್ದಿದೆ. ಅದರ ಅಪಾಯವೂ ಅದೇ, ಯಾರೋ ಒರೆಸಿಬಿಡಬಹುದು. 1969ರಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿದನಲ್ಲ, ಆ ದಿನದ ಮೂಲ ಟೇಪುಗಳನ್ನು ನಾಸಾ ಆಮೇಲೆ ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡಿತು. 2009ರಲ್ಲಿ ಅವರೇ ಹೇಳಿದರು. ಟಿವಿಯವರು ಇಟ್ಟುಕೊಂಡಿದ್ದ ಪ್ರತಿಗಳು ಇದ್ದವು, ಅದರಿಂದ ನಾವು ಇವತ್ತಿಗೂ ನೋಡುತ್ತಿದ್ದೇವೆ.

ಟೇಪ್ ಅಂದ ತಕ್ಷಣ ನಗುತ್ತಿದ್ದೀರಿ. ಹಾಡಿನ ಕ್ಯಾಸೆಟ್ ನೆನಪಾಗಿರಬೇಕು. ಟೇಪ್ ಸತ್ತಿಲ್ಲ. ಎಲ್‌ಟಿಒ ಅಂತ ಬರುತ್ತದೆ, ಅಂಗೈ ಅಗಲದ ಕ್ಯಾಸೆಟ್ಟು. 2021ರಲ್ಲಿ ಬಂದ ಒಂಬತ್ತನೇ ತಲೆಮಾರಿನದು 18 ಟಿಬಿ ಹಿಡಿಯುತ್ತದೆ. ಒಳಗೆ ಒಂದು ಕಿಲೋಮೀಟರಿಗೂ ಉದ್ದದ ಪಟ್ಟಿ. ನಡುವಿನ ಒಂದು ಫೈಲು ಬೇಕಾದರೆ ಸುತ್ತುತ್ತಾ ಹೋಗಬೇಕು, ನಿಧಾನ. ಆದರೆ ಕಪಾಟಿನಲ್ಲಿ ಕೂತ ಟೇಪಿಗೆ ಕರೆಂಟು ಬೇಡ, ವೈರಸ್ ಅದನ್ನು ಮುಟ್ಟಲಾರದು. 2011ರ ಫೆಬ್ರವರಿಯಲ್ಲಿ ತಂತ್ರಾಂಶದ ಒಂದು ದೋಷದಿಂದ ಕೆಲವು ಜಿಮೇಲ್ ಬಳಕೆದಾರರ ಪೆಟ್ಟಿಗೆ ಖಾಲಿಯಾಯಿತು. ಶೇಕಡಾ 0.02 ಜನ. ಗೂಗಲ್ ಹಲವು ಕಡೆ ಪ್ರತಿ ಇಟ್ಟಿತ್ತು, ಆ ದೋಷ ಅಲ್ಲಿಗೂ ಹೋಗಿ ಅಳಿಸಿತ್ತು. ಕೊನೆಗೆ ಮರಳಿ ಬಂದದ್ದು ಟೇಪಿನಿಂದ. ಟೇಪಿನ ತೊಂದರೆ ಬೇರೆ ಕಡೆ ಇದೆ. ಓದುವ ಯಂತ್ರಕ್ಕೆ ಲಕ್ಷಗಟ್ಟಲೆ ದುಡ್ಡು. ಮೇಲಾಗಿ ಒಂಬತ್ತನೇ ತಲೆಮಾರಿನ ಯಂತ್ರ ಎಂಟನೆಯದನ್ನು ಓದುತ್ತದೆ, ಏಳನೆಯದನ್ನು ಓದುವುದಿಲ್ಲ. ಟೇಪು ಬದುಕಿರುತ್ತದೆ, ಓದುವವನು ಸತ್ತಿರುತ್ತಾನೆ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ನೋಡಿದವರಿಗೆ ಇದು ಹೊಸದಲ್ಲ. ಗರಿ ಚೆನ್ನಾಗಿದೆ, ತಿಗಳಾರಿ ಲಿಪಿ ಓದುವವರು ಎಷ್ಟು ಜನ ಇದ್ದಾರೆ?

ಈಗ ನಿಮ್ಮ ಜೇಬಿಗೆ ಬರೋಣ. ಎಲ್ಲರ ಫೋಟೋಗಳು ಇರುವುದು ಫೋನಿನಲ್ಲಿ. ಫೋನಿನೊಳಗಿನದೂ ಫ್ಲ್ಯಾಶ್ ಚಿಪ್ಪೇ, ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಜೊತೆಗೆ ಅದರಲ್ಲಿರುವುದೆಲ್ಲ ಬೀಗ ಹಾಕಿದ ರೂಪದಲ್ಲಿ ಇರುತ್ತದೆ, ಬೀಗದ ಕೈ ಪ್ರೊಸೆಸರ್ ಹತ್ತಿರ. ತುಂಗೆಯಲ್ಲಿ ಫೋನ್ ಬಿತ್ತು, ಬೋರ್ಡ್ ಕೆಟ್ಟಿತು ಅಂದರೆ ಮೆಮೊರಿ ಚಿಪ್ಪನ್ನು ಮಾತ್ರ ಕಿತ್ತು ಓದಿದರೆ ಕಸ ಬರುತ್ತದೆ. ಬೋರ್ಡನ್ನೇ ಒಮ್ಮೆ ಬದುಕಿಸಬೇಕು, ಇಲ್ಲವೇ ಬಿಡಬೇಕು.

ಹಾಗಾದರೆ ಕ್ಲೌಡ್? ಕ್ಲೌಡ್ ಅಂದರೆ ಮೋಡ ಏನಲ್ಲ, ಬೇರೆಯವರ ಕಟ್ಟಡದಲ್ಲಿರುವ ಇದೇ ಹಾರ್ಡ್ ಡಿಸ್ಕುಗಳು. ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಒಂದು ಸತ್ತರೆ ಇನ್ನೊಂದು ಇಟ್ಟಿರುತ್ತಾರೆ. ಆದರೂ 2021ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಸುಟ್ಟೇ ಹೋಯಿತು. ಬೇರೆ ಕಡೆ ಪ್ರತಿ ಇಡದಿದ್ದವರದ್ದು ಹೋಯಿತು. ನಿಮ್ಮ ನನ್ನಂಥವರಿಗೆ ಬೆಂಕಿಗಿಂತ ಜಾಸ್ತಿ ಅಪಾಯ ಬೇರೆಯದು. ಪಾಸ್‌ವರ್ಡ್ ಮರೆತುಹೋಗುತ್ತದೆ. ಒಟಿಪಿ ಬರುವ ಸಿಮ್ ಬದಲಾಗಿರುತ್ತದೆ. 15 ಜಿಬಿ ತುಂಬಿ ಹೊಸ ಫೋಟೋ ಹೋಗುವುದೇ ನಿಂತಿರುತ್ತದೆ, ನಾವು ನೋಟಿಫಿಕೇಶನ್ ತಳ್ಳಿ ಕೂತಿರುತ್ತೇವೆ. ಎರಡು ವರ್ಷ ಬಳಸದ ಖಾತೆಯನ್ನು ಅಳಿಸುವ ಹಕ್ಕು ತನಗಿದೆ ಅಂತ ಗೂಗಲ್ ನಿಯಮದಲ್ಲೇ ಬರೆದಿದೆ. ತೀರಿಕೊಂಡ ಅಪ್ಪನ ಫೋಟೋಗಳು ಅವರ ಖಾತೆಯಲ್ಲೇ ಇದ್ದರೆ ಇದನ್ನು ನೆನಪಿಡಿ. ಇನ್ನೊಂದು, ಫೋನಿನಲ್ಲಿ ಅಳಿಸಿದರೆ ಕ್ಲೌಡಿನಲ್ಲೂ ಅಳಿಯುತ್ತದೆ. ಎರಡು ಕಡೆ ಕಂಡ ಮಾತ್ರಕ್ಕೆ ಎರಡು ಪ್ರತಿ ಆಗಲಿಲ್ಲ.

ನಾನೇನು ಮಾಡುತ್ತೇನೆ ಅಂತ ಕೇಳುತ್ತೀರಿ. ಮೊದಲು ನನ್ನ ಪೆದ್ದುತನ ಹೇಳುತ್ತೇನೆ. ಊರಿಗೆಲ್ಲ ಬ್ಯಾಕಪ್ ಪಾಠ ಮಾಡುವ ನಾನು, ಬ್ಯಾಕಪ್ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿಯೇ ಬಿಡುತ್ತಿದ್ದೆ. ಒಂದು ಮೇ ತಿಂಗಳ ಸಂಜೆ ಸಿಡಿಲು ಬಡಿಯಿತು. ಅಂಗಡಿಯ ಕಂಪ್ಯೂಟರ್, ಅದರೊಳಗಿನ ಡಿಸ್ಕ್, ಹೊರಗಿನ ಡಿಸ್ಕ್, ಮೂರೂ ಒಂದೇ ಸೆಕೆಂಡಿನಲ್ಲಿ. ಗಿರಾಕಿಗಳ ಆರು ವರ್ಷದ ಬಿಲ್ಲು, ವಾರಂಟಿ ಲೆಕ್ಕ ಎಲ್ಲ ಹೋಯಿತು. ಅದೇ ವಾರ ಗಿರಾಕಿಯೊಬ್ಬರು ಬಂದು ‘ನಿಮ್ಮದನ್ನು ನೀವೇ ರಿಕವರಿ ಮಾಡ್ಕೊಳ್ಳಿ ಸಾರ್’ ಅಂದರು.

ಫೋಟೋಗ್ರಾಫರುಗಳ ನಡುವೆ 3-2-1 ಅಂತ ಒಂದು ಸೂತ್ರ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಆ ‘ಎರಡು ಬಗೆ’ ಅನ್ನುವುದನ್ನು ನಾನು ಬೇರೆ ಬೇರೆ ರೀತಿ ಸಾಯುವಂಥವು ಅಂತ ಓದುತ್ತೇನೆ. ಒಂದೇ ದಿನ, ಒಂದೇ ಡಬ್ಬದಿಂದ ತಗೊಂಡ ಎರಡು ಡಿಸ್ಕುಗಳು ಒಂದೇ ವಾರದಲ್ಲಿ ಹೋಗಿದ್ದನ್ನು ಕಂಡಿದ್ದೇನೆ. ಈಗ ನನ್ನ ಕೆಲಸ ಎಸ್‌ಎಸ್‌ಡಿಯಲ್ಲಿ. ಶನಿವಾರ ರಾತ್ರಿ ಹಾರ್ಡ್ ಡಿಸ್ಕ್ ಚುಚ್ಚಿ, ಕಾಪಿ ಮಾಡಿ, ಕಿತ್ತು ಬೀರುವಿನಲ್ಲಿ ಇಡುತ್ತೇನೆ, ಸಿಲಿಕಾ ಜೆಲ್ ಪುಡಿಕೆ ಹಾಕಿದ ಡಬ್ಬದಲ್ಲಿ. ಇನ್ನೊಂದು ಡಿಸ್ಕ್ ಬೇರೆ ಕಂಪನಿಯದ್ದು, ಸಾಗರದಲ್ಲಿ ತಂಗಿಯ ಮನೆಯಲ್ಲಿದೆ. ದೀಪಾವಳಿಗೆ, ಯುಗಾದಿಗೆ ಹೋದಾಗ ಬದಲಾಯಿಸಿ ಬರುತ್ತೇನೆ. ಬಹಳ ಬೇಕಾದ ಸ್ವಲ್ಪ ಫೈಲುಗಳು ಮಾತ್ರ ಕ್ಲೌಡಿನಲ್ಲಿ, ಅದರ ಪಾಸ್‌ವರ್ಡ್ ಹೆಂಡತಿಗೂ ಗೊತ್ತು. ಐದಾರು ವರ್ಷಕ್ಕೊಮ್ಮೆ ಡಿಸ್ಕ್ ಇನ್ನೂ ಓಡುತ್ತಿದ್ದರೂ ಹೊಸದಕ್ಕೆ ಎತ್ತುತ್ತೇನೆ. ತಾಳೆಗರಿಗೆ ಹುಳು ಹಿಡಿಯುವ ಮೊದಲೇ ಕೂತು ನಕಲು ಮಾಡುತ್ತಿದ್ದ ಲಿಪಿಕಾರರಂತೆ. ಅವರಿಗೆ ತಿಂಗಳು ಹಿಡಿಯುತ್ತಿತ್ತು, ನನಗೆ ಒಂದು ರಾತ್ರಿ.

ಮತ್ತೆ, ಕಾಪಿ ಮಾಡಿದ್ದನ್ನು ಒಮ್ಮೆ ತೆರೆದು ನೋಡಿ. ಮೇಷ್ಟ್ರ ಪೆನ್ ಡ್ರೈವಿನಲ್ಲೂ ಫೈಲಿನ ಹೆಸರುಗಳು ಸರಿಯಾಗಿಯೇ ಇದ್ದವು.

ಆಗ ಟೀ ಕುಡಿಯುವಾಗ ಒಬ್ಬರು, ಮನೆಯಿಂದ ಡಿಸ್ಕ್ ತಂದಿದ್ದೇನೆ, ನಿನ್ನೆಯಿಂದ ಏನೋ ಸದ್ದು ಬರುತ್ತಿದೆ ಅಂದರಲ್ಲ, ಎಲ್ಲಿದ್ದೀರಿ? ಹಾಂ, ಅಲ್ಲಿ. ಬೇಡ, ಬೇಡ, ಆ ಲ್ಯಾಪ್‌ಟಾಪಿಗೆ ಚುಚ್ಚಬೇಡಿ. ಸದ್ದು ಹೇಗಿದೆ ಅಂತ ನನಗೆ ಕೇಳಿಸುವುದೂ ಬೇಡ. ವೈರು ತೆಗೆದು ಹಾಗೇ ಇಲ್ಲಿ ಕೊಡಿ.